ಅನುಕ್ರಮಣಿಕೆಯುಳ್ಳ ಕಡತಗಳೂ ಅವುಗಳಲ್ಲಿ ಬಿಡತಕ್ಕ ತೆರಪೂ

ಬ್ಯಾಂಕಿನ ಗುಮಾಸ್ತನಿಗೆ ನಮ್ಮ ಲೆಕ್ಕದ ಸಂಖ್ಯೆಯನ್ನು ಹೇಳಿದರೆ ಕ್ಷಣಮಾತ್ರದಲ್ಲಿ ಶಿಲ್ಕು ಎಷ್ಟೆಂಬುದು ತಿಳಿದುಬರುತ್ತದೆ. ಲಕ್ಷಾಂತರ ಲೆಕ್ಕಗಳ ನಡುವಿನಿಂದ ನಮ್ಮದೊಂದೇ ಅಷ್ಟು ಬೇಗನೆ ಹೇಗೆ ಹೊರಬಂದಿತೆಂದು ವಿಚಾರಿಸುವವರು ವಿರಳ. ಅನೇಕ ದೊಡ್ಡ ಬ್ಯಾಂಕುಗಳಲ್ಲಿಯೂ ವಿಮಾ ಕಂಪೆನಿಗಳಲ್ಲಿಯೂ ಮೇನ್‌ಫ್ರೇಮ್ ಎಂಬ ದೊಡ್ಡ ಗಣಕಯಂತ್ರಗಳು ಇಂದಿಗೂ ಈ ಕೆಲಸವನ್ನು ನಡೆಸುತ್ತಲಿವೆ. ಬೆಂಗಳೂರಿನಲ್ಲಿ ಕುಳಿತು ಪರದೇಶದ ಬ್ಯಾಂಕುಗಳ ಇಂಥ ಯಂತ್ರಗಳನ್ನು ನೋಡಿಕೊಳ್ಳುವವರಲ್ಲಿ ಹೆಣ್ಣುಮಕ್ಕಳೂ ಅನೇಕರಿದ್ದಾರೆ. ಮಗಳು ರಾತ್ರಿಯ ಪಾಳಿಯಲ್ಲಿ ಏನನ್ನು ಕಾಯುತ್ತಾಳೆಂದು ತಿಳಿಯದ ತಾಯಿತಂದೆಗಳಿಗೆ ಈ ಬರಹವು ಅಷ್ಟಿಷ್ಟು ಉಪಯೋಗಕ್ಕೆ ಬಂದೀತು.

ಪಾಠಶಾಲೆಯ ದಾಖಲೆ ಪುಸ್ತಕದಲ್ಲಿ ಹುಡುಗಿಯರ ಹೆಸರುಗಳು ಸೇರಿದ ಸಂಖ್ಯೆಯ ಕ್ರಮದಲ್ಲಿರುತ್ತವೆ. ಹೊಸಬಳು ಯಾವಾಗಲೂ ಕೊನೆಯ ಸಾಲಿಗೇ ಬರುವಳು. ಅದೇ ಹೆಸರುಗಳನ್ನು ಅಕಾರಾದಿಯಾಗಿ ಬರೆದರೆ ಹೊಸಬಳ ಸ್ಥಳವು ಎಲ್ಲಿಯೋ ನಡುವೆ ಬೀಳುತ್ತದೆ, ಅಲ್ಲಿ ಸಾಲು ಖಾಲಿಯಿರುವುದಿಲ್ಲ. ಆಗ ಉಪಾಯಗಳು ಎರಡೇ. ಹಿಂದಿನ ಪುಟಗಳಲ್ಲಿ ಬರೆದು 'ಇಂಥ ಪುಟವನ್ನು ನೋಡಿ' ಎಂದು ಗುರುತು ಹಾಕುವುದು ಒಂದು. ಮೊದಲೇ ಅಲ್ಲಲ್ಲಿ ತೆರಪು ಬಿಟ್ಟು ಬರೆಯುವುದು ಇನ್ನೊಂದು.

ಐಬಿಎಂ ಕಂಪೆನಿಯು 1964ರಲ್ಲಿ ಪ್ರಕಟಿಸಿದ ಸಿಸ್ಟಮ್ 360 ಯಂತ್ರಗಳಲ್ಲಿ ಐಸ್ಯಾಮ್ ಎಂಬ ಕಡತದ ಪದ್ಧತಿಯು ಬಳಕೆಗೆ ಬಂದಿತು. ಅದು ಮೊದಲನೆಯ ಉಪಾಯವನ್ನು ಹಿಡಿಯಿತು: ಸ್ಥಳ ಸಾಲದೆ ಹೊರಬಿದ್ದ ದಾಖಲೆಯನ್ನು ಬೇರೆ ಕಡೆ ಬರೆದು ಒಂದರಿಂದೊಂದಕ್ಕೆ ಕೊಂಡಿ ಹಾಕುವುದು. ಕೊಂಡಿಗಳು ಬೆಳೆದಷ್ಟೂ ಹುಡುಕುವ ಕೆಲಸ ನಿಧಾನವಾಗುತ್ತಿದ್ದುದರಿಂದ ಕಡತವನ್ನು ಆಗಾಗ್ಗೆ ಹೊಸದಾಗಿ ಬರೆಯಲೇಬೇಕಾಗುತ್ತಿತ್ತು. 1970ರ ದಶಕದಲ್ಲಿ ವೀಸ್ಯಾಮ್ ಬಂದು ಎರಡನೆಯ ಉಪಾಯವನ್ನು ಹಿಡಿಯಿತು. ಈಗ ನಡೆಯುತ್ತಿರುವುದು ಇದೇ. ಆದರೆ ಹಳೆಯ ಪದ್ಧತಿಯ ಕಾಲದ ಅಭ್ಯಾಸಗಳು ಪದ್ಧತಿಯೊಡನೆ ಹೋಗಲಿಲ್ಲ. ಅದನ್ನು ಮುಂದೆ ಹೇಳುವೆನು.

ವೀಸ್ಯಾಮ್ ಕಡತದಲ್ಲಿ ದಾಖಲೆಗಳು ಕಂಟ್ರೋಲ್ ಇಂಟರ್ವಲ್ ಎಂಬ ತುಂಡುಗಳಲ್ಲಿರುತ್ತವೆ. ಇದನ್ನು ನಾವು ಪುಟವೆನ್ನೋಣ. ಅನೇಕ ಪುಟಗಳು ಕೂಡಿ ಒಂದು ಕಂಟ್ರೋಲ್ ಏರಿಯಾ, ಇದು ಸಂಪುಟವಾಗಲಿ. ಪುಟವು 4,096 ಬೈಟುಗಳದ್ದೂ ದಾಖಲೆಯು 200 ಬೈಟುಗಳದ್ದೂ ಆದರೆ, ಯಂತ್ರವು ತನ್ನ ಗುರುತಿಗಾಗಿ ಇಟ್ಟುಕೊಳ್ಳುವ ಕೆಲವು ಬೈಟುಗಳು ಹೋಗಿ ಪುಟಕ್ಕೆ 20 ದಾಖಲೆಗಳು ಹಿಡಿಯುತ್ತವೆ. 3390 ಎಂಬ ಮಾದರಿಯ ಡಿಸ್ಕಿನಲ್ಲಿ ಒಂದು ಸಿಲಿಂಡರಿನಷ್ಟು ದೊಡ್ಡ ಸಂಪುಟಕ್ಕೆ ಇಂಥ 180 ಪುಟಗಳು. ಪ್ರತಿ ಪುಟದಲ್ಲಿ ನೂರಕ್ಕೆ 20, ಪ್ರತಿ ಸಂಪುಟದಲ್ಲಿ ನೂರಕ್ಕೆ 10 ಪುಟ ತೆರಪು ಬಿಡಬೇಕೆಂದು ಆಜ್ಞಾಪಿಸಿದರೆ, 16 ದಾಖಲೆಗಳ 162 ಪುಟಗಳು ತುಂಬಿ ಸಂಪುಟಕ್ಕೆ 2,592 ದಾಖಲೆಗಳಾಗುವುವು. ಹತ್ತು ಲಕ್ಷ ದಾಖಲೆಗಳಿಗೆ 386 ಸಂಪುಟಗಳು ಬೇಕು. ಪ್ರತಿ ಸಂಪುಟಕ್ಕೂ ಅನುಕ್ರಮಣಿಕೆಯ ಒಂದು ತುಂಡು ಇರುತ್ತದೆ. ಆ ತುಂಡುಗಳಿಗೆ ಮೇಲೊಂದು ಅನುಕ್ರಮಣಿಕೆ, ಅದಕ್ಕೂ ಮೇಲೆ ಇನ್ನೊಂದು, ಹೀಗೆ ಮೂರು ಮೆಟ್ಟಿಲುಗಳಾಗುವುದು ಸಾಮಾನ್ಯ.

ತುಂಬಿದ ಪುಟಕ್ಕೆ ಹೊಸ ದಾಖಲೆ ಬಂದರೆ ಏನಾಗುತ್ತದೆ? ಪುಟದ ಸುಮಾರು ಅರ್ಧ ದಾಖಲೆಗಳು ಅದೇ ಸಂಪುಟದ ಒಂದು ಖಾಲಿ ಪುಟಕ್ಕೆ ಹೋಗುತ್ತವೆ. ಇದಕ್ಕೆ ಸ್ಪ್ಲಿಟ್ ಎನ್ನುತ್ತಾರೆ. ಇದರ ವೆಚ್ಚ ಅಲ್ಪ. ಸಂಪುಟದಲ್ಲಿ ಖಾಲಿ ಪುಟವೇ ಇಲ್ಲದಿದ್ದರೆ ಮಾತ್ರ ಸಂಪುಟವೇ ಒಡೆಯಬೇಕು: ಸುಮಾರು 90 ಪುಟಗಳು, ಅಂದರೆ 3,68,640 ಬೈಟುಗಳು, ಹೊಸ ಸಂಪುಟಕ್ಕೆ ಸಾಗುತ್ತವೆ, ಅನುಕ್ರಮಣಿಕೆಯನ್ನೂ ತಿದ್ದಬೇಕು. ಒಂದು ದಾಖಲೆಯನ್ನು ಸೇರಿಸಲು ಬಂದ ಬಡಪಾಯಿಯು ಅದೆಲ್ಲ ಮುಗಿಯುವವರೆಗೆ ಕಾದಿರಬೇಕು. ರಾತ್ರಿಯ ಕೆಲಸದಲ್ಲಿ ಇಂಥವು ಸಾವಿರಗಟ್ಟಲೆ ಆದರೆ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ವೇಳೆಗೆ ಲೆಕ್ಕಗಳು ಸಿದ್ಧವಾಗಿರುವುದಿಲ್ಲ.

ಹಾಗಾದರೆ ಎಲ್ಲ ಕಡತಗಳಲ್ಲಿಯೂ ಧಾರಾಳವಾಗಿ ತೆರಪು ಬಿಟ್ಟರಾಯಿತಲ್ಲವೇ ಎಂದರೆ, ಅನೇಕರು ಮಾಡುವುದು ಅದನ್ನೇ, ಮತ್ತು ಅದು ಸರಿಯಲ್ಲ. ಸೇರಿದ ಸಂಖ್ಯೆಯ ಪುಸ್ತಕದಂತೆ ಹೊಸಬರೆಲ್ಲ ಕೊನೆಗೇ ಬರುವ ಕಡತದಲ್ಲಿ ನಡುವೆ ಬಿಟ್ಟ ತೆರಪು ಎಂದೆಂದಿಗೂ ಖಾಲಿ. ಡಿಸ್ಕಿನ ಸ್ಥಳ ನಷ್ಟವಾಗುವುದಲ್ಲದೆ, ಮೊದಲಿಂದ ಕೊನೆಯವರೆಗೆ ಓದುವಾಗ ಅಷ್ಟು ಹೆಚ್ಚು ಪುಟಗಳನ್ನು ತಿರುವಬೇಕಾಗುತ್ತದೆ. ಅಂಥದಕ್ಕೆ ತೆರಪು ಸೊನ್ನೆಯಿರತಕ್ಕದ್ದು. ಹೊಸಬರು ಎಲ್ಲ ಕಡೆಗೂ ಸಮನಾಗಿ ಹಂಚಿ ಬರುವುದಾದರೆ ತೆರಪು ಎಲ್ಲ ಕಡೆಯೂ ಬೇಕು. ಆದರೆ ನಿಜವಾದ ಕಡತಗಳು ಹೆಚ್ಚಾಗಿ ಇವೆರಡರ ನಡುವಿನವು. ನಮ್ಮ ಅಕಾರಾದಿಯಲ್ಲಿ 'ಸ'ಕಾರದ ಹೆಸರುಗಳಿಗೆ ಪುಟಗಳು ಸಾಲವು, 'ಝ'ಕಾರಕ್ಕೆ ಒಂದು ಸಾಲೇ ಹೆಚ್ಚು! ಇಂಥಲ್ಲಿ ಕಡತವನ್ನು ಭಾಗಭಾಗವಾಗಿ ತುಂಬಿ, ನಡುವೆ ಆಲ್ಟರ್ ಎಂಬ ಆಜ್ಞೆಯಿಂದ ತೆರಪಿನ ಪ್ರಮಾಣವನ್ನು ಬದಲಿಸುವುದಕ್ಕೆ ಅವಕಾಶವುಂಟು. ಇದನ್ನು ಬಲ್ಲವರು ಕೆಲವರೇ. ಉಪಯೋಗಿಸುವವರು ಇನ್ನೂ ಕಡಿಮೆ.

ಈಗ ಹಳೆಯ ಅಭ್ಯಾಸದ ಮಾತು. ಸ್ಪ್ಲಿಟ್‌ಗಳ ಎಣಿಕೆಯನ್ನು ಕಂಡೊಡನೆ ಗಾಬರಿಪಟ್ಟು, ವಾರಕ್ಕೊಮ್ಮೆ ಕಡತವನ್ನು ಪೂರ್ತಿಯಾಗಿ ಹೊಸದಾಗಿ ಬರೆಯುವ ವಾಡಿಕೆ ಎಷ್ಟೋ ಕಡೆ ಇದೆ. ಐಸ್ಯಾಮಿಗೆ ಅದು ಅವಶ್ಯವಾಗಿತ್ತು. ವೀಸ್ಯಾಮಿನಲ್ಲಿಯೋ, ಒಡೆದ ಸಂಪುಟವು ಜನಸಂದಣಿಯಿರುವ ಸ್ಥಳದಲ್ಲಿಯೇ ತಾನಾಗಿ ತೆರಪು ಮಾಡಿಕೊಂಡಿರುತ್ತದೆ. ಹೊಸದಾಗಿ ಬರೆದಾಗ ಆ ತೆರಪೆಲ್ಲ ಅಳಿಸಿಹೋಗಿ ಎಲ್ಲೆಡೆಯೂ ಒಂದೇ ಪ್ರಮಾಣ ಬರುತ್ತದೆ; ಮರುದಿನದಿಂದಲೇ ಅದೇ ಸ್ಥಳದಲ್ಲಿ ಅವೇ ಸ್ಪ್ಲಿಟ್‌ಗಳು ಪುನಃ ಆರಂಭವಾಗುತ್ತವೆ. ಶುಚಿತ್ವದ ಹೆಸರಿನಲ್ಲಿ ವೆಚ್ಚವನ್ನು ಎರಡು ಸಲ ಕೊಟ್ಟಂತಾಯಿತು. ಲಿಸ್ಟ್‌ಕ್ಯಾಟ್ ಎಂಬ ಆಜ್ಞೆಯು ಕೊಡುವ ಸ್ಪ್ಲಿಟ್‌ಗಳ ಸಂಖ್ಯೆಯು ಕಡತ ಹುಟ್ಟಿದಂದಿನಿಂದ ಆದುವುಗಳ ಒಟ್ಟು ಮೊತ್ತವೇ ಹೊರತು ಈ ವಾರದ್ದಲ್ಲ. ಎರಡು ದಿನಾಂಕಗಳಲ್ಲಿ ಬರೆದಿಟ್ಟು ವ್ಯತ್ಯಾಸವನ್ನು ನೋಡಬೇಕು. ಕಡತವನ್ನು ಕ್ರಮವಾಗಿ ಮುಚ್ಚಿದಾಗಲೇ ಈ ಎಣಿಕೆಗಳು ಬರೆಯಲ್ಪಡುವುದರಿಂದ, ಕೆಲಸ ನಡುವೆ ಕೆಟ್ಟು ನಿಂತಿದ್ದರೆ ಅವನ್ನು ನಂಬಲಾಗದು.

ಹಳೆಯ ದಾಖಲೆಗಳನ್ನು ಮೊದಲಿನಿಂದ ಅಳಿಸುತ್ತ ಹೊಸವನ್ನು ಕೊನೆಗೆ ಸೇರಿಸುವ ಕಡತಗಳಿಗೆ ಮಾತ್ರ ಪುನರ್ಲೇಖನವು ನಿಜವಾಗಿಯೂ ಬೇಕಾಗಿತ್ತು. ಬರಿದಾದ ಸಂಪುಟಗಳು ಹಾಗೆಯೇ ಉಳಿದು ಅನುಕ್ರಮಣಿಕೆಯನ್ನು ಉಬ್ಬಿಸುತ್ತಿದ್ದುವು. 2010ರಲ್ಲಿ ಹೊರಬಂದ ಜೆಡ್‌ಓಎಸ್ 1.12ರಿಂದೀಚೆಗೆ, ಅನುಮತಿ ಕೊಟ್ಟಿದ್ದಲ್ಲಿ, ಯಂತ್ರವೇ ಅವುಗಳನ್ನು ಮರಳಿ ಉಪಯೋಗಿಸುತ್ತದೆ.

ತೆರಪಿಗಿಂತಲೂ ಹೆಚ್ಚಿನ ಲಾಭವು ಬಫರುಗಳಲ್ಲಿದೆ. ಬಫರೆಂದರೆ ಡಿಸ್ಕಿನಿಂದ ತಂದ ಪುಟವನ್ನು ಯಂತ್ರದ ನೆನಪಿನಲ್ಲಿ ಇರಿಸಿಕೊಳ್ಳುವ ಸ್ಥಳ. ಬೇರೆ ಏನನ್ನೂ ಹೇಳದಿದ್ದರೆ ವೀಸ್ಯಾಮ್ ಅನುಕ್ರಮಣಿಕೆಗೆ ಒಂದೇ ಒಂದು ಬಫರನ್ನು ಇಡುತ್ತದೆ. ಮೇಲಿನ ಕಡತದಲ್ಲಿ ಹತ್ತು ಲಕ್ಷ ದಾಖಲೆಗಳನ್ನು ಕ್ರಮವಿಲ್ಲದೆ ಹುಡುಕುವಾಗ ಒಂದೊಂದಕ್ಕೆ ಮೂರು ಮೆಟ್ಟಿಲೂ ಒಂದು ಪುಟವೂ ಸೇರಿ ನಾಲ್ಕು ಓದು. ತಿರುಗುವ ಡಿಸ್ಕಿನಲ್ಲಿ ಒಂದು ಓದಿಗೆ ಸೆಕೆಂಡಿನ ನೂರರಲ್ಲೊಂದು ಪಾಲು ಎಂದು ಇಟ್ಟುಕೊಂಡರೆ ಹನ್ನೊಂದು ತಾಸಿಗೆ ಮಿಕ್ಕಿತು. ಅನುಕ್ರಮಣಿಕೆಯ ತುಂಡು 2,048 ಬೈಟಿನದಾದರೆ 386 ತುಂಡುಗಳಿಗೆ ಬೇಕಾಗುವುದು ಎಂಟು ಲಕ್ಷ ಬೈಟಿಗೂ ಕಡಿಮೆ. ಅಷ್ಟನ್ನೂ, ಮೇಲಿನ ಮೆಟ್ಟಿಲುಗಳ ಕೆಲವು ತುಂಡುಗಳನ್ನೂ ನೆನಪಿನಲ್ಲಿಟ್ಟುಕೊಂಡರೆ ಅದೇ ಕೆಲಸ ಎರಡು ಮುಕ್ಕಾಲು ತಾಸಿನಲ್ಲಿ ಮುಗಿಯುತ್ತದೆ. ಈಗಿನ ಡಿಸ್ಕುಗಳು ಇದಕ್ಕಿಂತ ಬಹಳ ವೇಗದವಾದರೂ ನಾಲ್ಕಕ್ಕೂ ಒಂದಕ್ಕೂ ಇರುವ ತಾರತಮ್ಯವು ಹಾಗೆಯೇ ಉಳಿದಿದೆ. ಹೀಗಿದ್ದೂ ಕಡತವನ್ನು ಪುನಃ ಬರೆಯಲು ಉತ್ಸಾಹಪಡುವವರು ಬಫರಿನ ಸಂಖ್ಯೆಯನ್ನು ಬದಲಿಸಲು ಸೋಮಾರಿಗಳಾಗಿರುವುದು ವಿಚಿತ್ರವೇ ಸರಿ.

ಕಡತವನ್ನು ಹೊಸದಾಗಿ ಬರೆಯಲೇಬೇಕಾಗಿ ಬಂದರೆ, ರೆಪ್ರೋ ಎಂಬ ಆಜ್ಞೆಯಿಂದ ದಾಖಲೆಗಳನ್ನೆಲ್ಲ ಒಂದು ಪ್ರತಿಗೆ ಇಳಿಸಿ, ಹಳೆಯದನ್ನು ಅಳಿಸಿ, ಹೊಸದನ್ನು ನಿರೂಪಿಸಿ, ತಿರುಗಿ ತುಂಬುತ್ತಾರೆ. ಅಳಿಸಿದ ಮೇಲೆ ತುಂಬಿ ಮುಗಿಯುವವರೆಗೆ ಲಕ್ಷಾಂತರ ಜನರ ಲೆಕ್ಕವು ಆ ಒಂದೇ ಪ್ರತಿಯಲ್ಲಿರುತ್ತದೆ. ರಾತ್ರಿಯ ಪಾಳಿಯವಳು ಎಚ್ಚರವಾಗಿರಬೇಕಾದ ಗಳಿಗೆ ಅದು. ಆದಕಾರಣ ಪ್ರತಿಗೆ ಇಳಿದ ದಾಖಲೆಗಳ ಸಂಖ್ಯೆಯು ಕಡತದ ಸಂಖ್ಯೆಗೆ ಸರಿಹೊಂದಿತೆಂದು ನೋಡಿ, ಬೇರೊಂದು ಕಡೆ ಎರಡನೆಯ ಪ್ರತಿಯನ್ನೂ ಇಟ್ಟಲ್ಲದೆ ಅವಳು ಅಳಿಸುವ ಆಜ್ಞೆಯನ್ನು ಕೊಡುವುದಿಲ್ಲ.