ಬೆಕ್ಕು ತೀರಿಸಿದ ಋಣ

ಶಾಲೆಯಿಂದ ಗೆಳತಿಯೊಡನೆ ಮನೆಗೆ ಹಿಂದಿರುಗುತ್ತಿದ್ದ ಹುಡುಗಿಯೊಬ್ಬಳು ರಸ್ತೆಯ ಅಂಚಿನಲ್ಲಿ ನಿಂತುಬಿಡುತ್ತಾಳೆ. ಬೆಕ್ಕೊಂದು ಪುಟ್ಟ ಪೊಟ್ಟಣವನ್ನು ಬಾಯಲ್ಲಿ ಕಚ್ಚಿಕೊಂಡು ವಾಹನಗಳ ಸಂಚಾರದ ನಡುವೆ ಹಾದಿಯನ್ನು ದಾಟುತ್ತಿದೆ. ನಡುಬೀದಿಯಲ್ಲಿ ಪೊಟ್ಟಣ ಜಾರಿ ಬೀಳುತ್ತದೆ. ಅದನ್ನು ಎತ್ತಿಕೊಳ್ಳಲು ಬೆಕ್ಕು ನಿಲ್ಲುವುದಕ್ಕೂ ದೊಡ್ಡದೊಂದು ಲಾರಿ ಧಾವಿಸಿ ಬರುವುದಕ್ಕೂ ಸರಿಹೋಗುತ್ತದೆ. ಹುಡುಗಿ ಹಿಂದುಮುಂದು ನೋಡುವುದಿಲ್ಲ. ಗೆಳತಿಯ ಲಕ್ರಾಸ್ ಕೋಲನ್ನು, ಅಂದರೆ ತುದಿಗೆ ಬಲೆ ಕಟ್ಟಿದ ಆಟದ ಕೋಲನ್ನು, ಹಿಡಿದು ರಸ್ತೆಗೆ ಧುಮುಕಿ, ಬೆಕ್ಕನ್ನು ಬಲೆಯಲ್ಲಿ ಬಾಚಿಕೊಂಡು ಆಚೆಯ ಪೊದೆಯ ಮೇಲೆ ಉರುಳಿಬೀಳುತ್ತಾಳೆ. ಕೋಲು ಮುರಿಯುತ್ತದೆ, ಬೆಕ್ಕು ಬದುಕುತ್ತದೆ. ಅನಂತರ ಆ ಬೆಕ್ಕು ಹಿಂಗಾಲುಗಳ ಮೇಲೆ ಎದ್ದು ನಿಂತು, ಮೈಯ ಧೂಳನ್ನು ಕೊಡವಿಕೊಂಡು, ಸಭ್ಯ ಗೃಹಸ್ಥನಂತೆ ತಲೆಬಾಗಿ, ಸ್ಪಷ್ಟವಾದ ಮಾತಿನಲ್ಲಿ ಕೃತಜ್ಞತೆಯನ್ನು ಸಲ್ಲಿಸಿ ಹೊರಟುಹೋಗುತ್ತದೆ.

೨೦೦೨ರ ಜುಲೈ ತಿಂಗಳಿನಲ್ಲಿ ಜಪಾನಿನ ಚಿತ್ರಮಂದಿರಗಳಿಗೆ ಬಂದ 'ನೆಕೊ ನೊ ಓನ್‌ಗಾಯೆಶಿ' ಎಂಬ ಅನಿಮೇಷನ್ ಚಿತ್ರದ ಕಥೆ ಆರಂಭವಾಗುವುದು ಹೀಗೆ. ಚಿತ್ರದ ಅವಧಿ ಎಪ್ಪತ್ತೈದು ನಿಮಿಷ ಮಾತ್ರ. ನಿರ್ಮಿಸಿದುದು ಟೋಕಿಯೋದ ಜಿಬ್ಲಿ ಸಂಸ್ಥೆ. ನಿರ್ದೇಶಕರು ಹಿರೊಯುಕಿ ಮೊರಿತಾ.

ಆಂಗ್ಲರು ಈ ಚಿತ್ರಕ್ಕೆ 'ದಿ ಕ್ಯಾಟ್ ರಿಟರ್ನ್ಸ್' ಎಂದು ಹೆಸರಿಟ್ಟರು. ಬೆಕ್ಕು ಎಲ್ಲಿಗೋ ಹೋಗಿ ಮರಳಿ ಬಂದಿತೆಂದು ಇದನ್ನು ಕೇಳಿದವರಿಗೆ ತೋರಬಹುದು. ಮೂಲದ ಅರ್ಥ ಅದಲ್ಲ. 'ನೆಕೊ' ಎಂದರೆ ಬೆಕ್ಕು. 'ಓನ್' ಎಂಬ ಮಾತಿನಲ್ಲಿ ಪಡೆದ ಉಪಕಾರವೂ ಆ ಉಪಕಾರ ನಮ್ಮ ತಲೆಯ ಮೇಲೆ ಹೊರಿಸುವ ಹೊಣೆಯೂ ಒಟ್ಟಿಗೇ ಅಡಗಿವೆ. ಅದನ್ನು ಹಿಂದಿರುಗಿಸುವುದೇ 'ಗಾಯೆಶಿ.' ಇಂಗ್ಲಿಷಿಗೆ ಒಗ್ಗದ ಈ ಭಾವ ಕನ್ನಡದಲ್ಲಿ ಎರಡೇ ಅಕ್ಷರಗಳಿಗೆ ಸುಲಭವಾಗಿ ದಕ್ಕುತ್ತದೆ: ಋಣ. ಋಣಾನುಬಂಧದ ಮಾತನ್ನು ದಿನನಿತ್ಯ ಆಡುವ ನಮ್ಮ ಮನೆಗಳಲ್ಲಿ ಈ ಶೀರ್ಷಿಕೆಗೆ ವ್ಯಾಖ್ಯಾನವೇ ಬೇಕಾಗಿಲ್ಲ.

ಜಪಾನಿನ ಮಕ್ಕಳಿಗಂತೂ ಈ ಹೆಸರು ಕಿವಿಗೆ ಬಿದ್ದೊಡನೆ ಹಳೆಯ ಜನಪದ ಕಥೆಯೊಂದು ನೆನಪಿಗೆ ಬರುತ್ತದೆ. ಬಲೆಗೆ ಸಿಕ್ಕಿದ ಕೊಕ್ಕರೆಯೊಂದನ್ನು ಬಡವನೊಬ್ಬ ಬಿಡಿಸುತ್ತಾನೆ. ಆ ಪಕ್ಷಿ ಹೆಣ್ಣಿನ ರೂಪದಲ್ಲಿ ಅವನ ಮನೆಗೆ ಬಂದು, ತಾನು ನೇಯುವಾಗ ಒಳಗೆ ಇಣುಕಬಾರದೆಂದು ಮಾತು ತೆಗೆದುಕೊಂಡು, ತನ್ನ ಗರಿಗಳನ್ನೇ ಕಿತ್ತು ಅಪೂರ್ವವಾದ ಬಟ್ಟೆಯನ್ನು ನೇಯ್ದುಕೊಡುತ್ತದೆ. ಕುತೂಹಲ ತಡೆಯಲಾರದೆ ಇಣುಕಿ ನೋಡಿದಂದು ಅದು ಹಾರಿಹೋಗುತ್ತದೆ. ಅಲ್ಲಿ ಉಪಕಾರ ತೀರಿಸುವ ಜೀವ ನೋಯುತ್ತದೆ. ಮೊರಿತಾ ಅವರ ಚಿತ್ರದಲ್ಲಿ ಆ ಕಥೆ ತಲೆಕೆಳಗಾಗಿದೆ. ನೋಯುವುದು ಉಪಕಾರ ಮಾಡಿದವಳು!

ಹುಡುಗಿಯ ಹೆಸರು ಹರು. ಜಪಾನೀ ಭಾಷೆಯಲ್ಲಿ ಈ ಶಬ್ದಕ್ಕೆ ವಸಂತವೆಂಬ ಅರ್ಥವಿದೆ. ಆಕೆಗೆ ಹದಿನೇಳರ ಪ್ರಾಯ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಏಳಲಾರಳು, ತರಗತಿಗೆ ತಡವಾಗಿ ಹೋಗಿ ನಗೆಪಾಟಲಾಗುವಳು, ಮನಸ್ಸಿಗೆ ಹಿಡಿಸಿದ ಹುಡುಗನೊಡನೆ ಮಾತಾಡುವ ಧೈರ್ಯವಿಲ್ಲದವಳು. ಅವಳು ಬದುಕಿಸಿದುದು ಬೆಕ್ಕುಗಳ ರಾಜ್ಯದ ಯುವರಾಜನನ್ನು. ಅದೇ ರಾತ್ರಿ ಬೆಕ್ಕುಗಳ ಮೆರವಣಿಗೆಯೊಂದು ಅವಳ ಮನೆಯ ಮುಂದಕ್ಕೆ ಬಂದು ನಿಲ್ಲುತ್ತದೆ. ಸ್ವತಃ ಮಾರ್ಜಾಲರಾಜನೇ ದಯಮಾಡಿಸಿ, ಮಗನ ಪ್ರಾಣ ಉಳಿಸಿದವಳಿಗೆ ಸಕಲ ಸೌಭಾಗ್ಯವನ್ನೂ ಕೊಡುವುದಾಗಿ ಸಾರುತ್ತಾನೆ.

ಮರುದಿನ ಬೆಳಗಾಗುತ್ತಲೇ ಸೌಭಾಗ್ಯ ಸುರಿಯತೊಡಗುತ್ತದೆ. ಮನೆಯ ಅಂಗಳದ ತುಂಬ ಬೆಕ್ಕುಗಳು ಆಡಲು ಬಯಸುವ ತೆನೆಹುಲ್ಲು ಎದ್ದು ನಿಂತಿದೆ. ಬೆಕ್ಕುಗಳಿಗೆ ಮತ್ತೇರಿಸುವ ಸೊಪ್ಪು ಹುಡುಗಿಯ ಜೇಬಿನಲ್ಲಿ ತುಂಬಿದೆ. ಊರಿನ ಬೆಕ್ಕುಗಳೆಲ್ಲ ಅವಳ ಬೆನ್ನು ಹತ್ತಿವೆ. ಶಾಲೆಯಲ್ಲಿ ತನ್ನ ಗೂಡಿನ ಬಾಗಿಲು ತೆರೆದರೆ ಅಂದವಾಗಿ ಕಟ್ಟಿದ ಪೆಟ್ಟಿಗೆಗಳು. ಒಳಗೆ ಜೀವಂತ ಇಲಿಗಳು! ಬೆಕ್ಕಿನ ಲೋಕದಲ್ಲಿ ಇದಕ್ಕಿಂತ ಶ್ರೇಷ್ಠವಾದ ಉಡುಗೊರೆ ಇಲ್ಲವಷ್ಟೆ. ನಮ್ಮ ಗಾದೆಯ ಬೆಕ್ಕಿಗೆ ಚೆಲ್ಲಾಟವಾದದ್ದು ಇಲಿಗೆ ಪ್ರಾಣಸಂಕಟವಾಗುತ್ತದೆ. ಇಲ್ಲಿ ಅದು ಹುಡುಗಿಗೂ ಸಂಕಟ. ಕೊಡುವವನಿಗೆ ಪ್ರಿಯವಾದುದನ್ನೇ ಪಡೆಯುವವರ ಮೇಲೆ ಹೇರುವ ಈ ಔದಾರ್ಯ ಬೆಕ್ಕುಗಳಿಗೆ ಮಾತ್ರ ಮೀಸಲಾದುದೆಂದು ಯಾವ ಗೃಹಿಣಿಯೂ ನಂಬಲಾರಳು. ಕೊನೆಗೆ ದೊಡ್ಡ ಉಡುಗೊರೆಯ ಸುದ್ದಿ ಬರುತ್ತದೆ: ಯುವರಾಜನೊಡನೆ ಅವಳ ವಿವಾಹ ನಿಶ್ಚಯವಾಗಿದೆ! ಹರು ಗಾಬರಿಯಾಗುತ್ತಾಳೆ. ಆದರೆ ದೂತ ಬೆಕ್ಕು ಆ ರಾಜ್ಯದ ಸುಖವನ್ನು ಬಣ್ಣಿಸಿದಾಗ ಒಂದು ಕ್ಷಣ ಮೈಮರೆತು, ಬೆಕ್ಕಿನ ಬಾಳೂ ಅಷ್ಟೇನೂ ಕೆಟ್ಟದ್ದಲ್ಲವೆಂದು ಗುನುಗಿಕೊಳ್ಳುತ್ತಾಳೆ. ದೂತನಿಗೆ ಅಷ್ಟೇ ಸಾಕು, ಅದು ಒಪ್ಪಿಗೆಯಾಯಿತು.

ಮಾತಾಡುವ ಬೆಕ್ಕು ಜಪಾನಿಗೆ ಹೊಸತಲ್ಲ. ಉದಾ ಎಂಬ ಚಕ್ರವರ್ತಿ ತನ್ನ ಕಪ್ಪು ಬೆಕ್ಕಿನ ಸೊಬಗನ್ನು ೮೮೯ರಲ್ಲಿಯೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ವಯಸ್ಸಾದ ಬೆಕ್ಕಿನ ಬಾಲ ಎರಡಾಗಿ ಸೀಳಿ, ಅದು ಎರಡು ಕಾಲಮೇಲೆ ನಿಂತು ಮನುಷ್ಯರ ಮಾತನ್ನು ಆಡುವುದೆಂಬ ಭಯ ಅಲ್ಲಿನ ಹಳ್ಳಿಗಳಲ್ಲಿ ಬಹು ಕಾಲ ಇದ್ದಿತು. ನತ್ಸುಮೆ ಸೊಸೆಕಿ ಎಂಬ ಮಹಾಲೇಖಕ ೧೯೦೫ರಲ್ಲಿ ಹೆಸರಿಲ್ಲದ ಬೆಕ್ಕೊಂದರ ಬಾಯಿಂದಲೇ ಇಡೀ ಕಾದಂಬರಿಯನ್ನು ಹೇಳಿಸಿ, ವಿದ್ಯಾವಂತರ ಡಾಂಭಿಕತೆಯನ್ನು ಬಯಲಿಗೆಳೆದ. ಮಿಯಾಜಾವ ಕೆಂಜಿಯ 'ಬೆಕ್ಕುಗಳ ಕಚೇರಿ' ಎಂಬ ಕಥೆ ೧೯೨೬ರದು. ಪಂಚತಂತ್ರವನ್ನು ಓದಿ ಬೆಳೆದ ನಮಗೆ ಬೆಕ್ಕೆಂದೊಡನೆ ನೆನಪಾಗುವುದು ತಪಸ್ವಿಯ ಸೋಗು ಹಾಕಿ ನ್ಯಾಯ ಕೇಳಲು ಬಂದವರನ್ನೇ ನುಂಗಿದ ಧೂರ್ತ. ಜಪಾನೀಯರ ಬೆಕ್ಕು ಅವನಿಗಿಂತ ಹೆಚ್ಚು ವೇಷಗಳನ್ನು ಬಲ್ಲುದು.

ಕೆಂಜಿಯ ಕಥೆಯ ಹೆಸರನ್ನೇ ಹೊತ್ತ ಕಚೇರಿಯೊಂದು ಈ ಚಿತ್ರದಲ್ಲಿಯೂ ಇದೆ. ಕಷ್ಟದಲ್ಲಿರುವ ಹರುವಿಗೆ ಎಲ್ಲಿಂದಲೋ ಮೃದುವಾದ ದನಿಯೊಂದು ಕೇಳಿಬಂದು, ಬೆಕ್ಕುಗಳ ಕಚೇರಿಯನ್ನು ಹುಡುಕೆಂದು, ಹಾದಿ ತೋರಲು ದೊಡ್ಡ ಬಿಳಿಯ ಬೆಕ್ಕೊಂದಿದೆಯೆಂದು ತಿಳಿಸುತ್ತದೆ. ಮುತಾ ಎಂಬ ಆ ಸ್ಥೂಲಕಾಯನ ಹಿಂದೆ ಗೋಡೆ, ಮಾಡು, ಸಂದಿಗಳನ್ನು ದಾಟಿದರೆ ಗೊಂಬೆಮನೆಗಳಂತಹ ಪುಟ್ಟ ಕಟ್ಟಡಗಳ ಚೌಕ ಎದುರಾಗುತ್ತದೆ. ಸಂಜೆಯ ಬಿಸಿಲು ಬಿದ್ದೊಡನೆ ಕಿಟಕಿಯೊಳಗಿನ ಗೊಂಬೆಗೆ ಜೀವ ಬರುತ್ತದೆ. ಬಿಳಿಯ ಉಡುಪು, ಎತ್ತರದ ಟೋಪಿ, ಕೈಯಲ್ಲೊಂದು ಬೆತ್ತ: ಇವನೇ ಬ್ಯಾರನ್. ಕಂಬದ ಮೇಲಿನ ಕಲ್ಲಿನ ಕಾಗೆಯೂ ರೆಕ್ಕೆ ಬಡಿದು ಕೆಳಗಿಳಿಯುತ್ತದೆ. ಬ್ಯಾರನ್ ಅತಿಥಿಗೆ ಚಹ ಬೆರೆಸಿ ಕೊಡುತ್ತಾನೆ. ರುಚಿ ಪ್ರತಿ ಸಲವೂ ಬೇರೆಯಾಗುವುದರಿಂದ ಇಂಥದೇ ಆಗುವುದೆಂಬ ಭರವಸೆ ಕೊಡಲಾರೆನೆಂದು ಮೊದಲೇ ಎಚ್ಚರಿಸುತ್ತಾನೆ.

ಈ ಗೊಂಬೆಗೆ ಚಿತ್ರದ ಹೊರಗೆ ಬೇರೊಂದು ಚರಿತ್ರೆಯಿದೆ. ಅದನ್ನು ಅರಿಯದೆ ಈ ಚಿತ್ರವನ್ನು ಪೂರ್ತಿಯಾಗಿ ಅರಿತಂತಾಗದು.

ಅಓಯಿ ಹೀರಾಗಿ ಎಂಬ ಲೇಖಕಿಯ ಚಿತ್ರಕಥೆಯೊಂದನ್ನು ಆಧರಿಸಿ ೧೯೯೫ರಲ್ಲಿ ಇದೇ ಸಂಸ್ಥೆ 'ಮಿಮಿ ವೊ ಸುಮಸೆಬ' ಎಂಬ ಚಿತ್ರವನ್ನು ತಂದಿತು. ಶಿಜುಕು ಎಂಬ ಹುಡುಗಿ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಈ ಬೆಕ್ಕಿನ ಗೊಂಬೆಯನ್ನು ಕಂಡು, ಅದರ ಮೇಲೆ ಕಥೆ ಬರೆಯಲು ಹೊರಡುವುದು ಅದರ ವಸ್ತು. ನಿರ್ದೇಶಿಸಿದವರು ಯೋಶಿಫುಮಿ ಕೊಂಡೋ. ಹಯಾವೊ ಮಿಯಾಜಾಕಿ ಮತ್ತು ಇಸಾವೊ ತಕಹತ ಎಂಬ ಇಬ್ಬರು ಹಿರಿಯರ ಹೆಗಲಮೇಲೆ ನಿಂತಿದ್ದ ಜಿಬ್ಲಿ ಸಂಸ್ಥೆಗೆ ಕೊಂಡೋ ಅವರೇ ಮುಂದಿನ ಆಧಾರವೆಂಬ ನಿರೀಕ್ಷೆ ಬೆಳೆದಿತ್ತು. ಆದರೆ ೧೯೯೮ರ ಜನವರಿಯಲ್ಲಿ, ನಾಲ್ವತ್ತೇಳರ ವಯಸ್ಸಿಗೇ ಅವರು ತೀರಿಕೊಂಡರು. ಪೂರ್ಣಾವಧಿಯ ಚಿತ್ರವೆಂದು ಅವರು ನಿರ್ದೇಶಿಸಿದುದು ಆ ಒಂದೇ.

ಮುಂದಿನ ವರ್ಷ ವಿನೋದವನವೊಂದರವರು ಬೆಕ್ಕುಗಳು ಬರುವ ಇಪ್ಪತ್ತು ನಿಮಿಷದ ಕಿರುಚಿತ್ರವನ್ನು ಮಾಡಿಕೊಡಬೇಕೆಂದು ಸಂಸ್ಥೆಯನ್ನು ಕೇಳಿದರು. ಮಿಯಾಜಾಕಿಯವರಿಗೆ ಕೊಂಡೋ ಅವರ ಚಿತ್ರದ ಬ್ಯಾರನ್ ನೆನಪಾದ. ಅವನಿಗಾಗಿ ಹೊಸ ಕಥೆಯನ್ನು ಬರೆಯಲು ಹೀರಾಗಿಯವರನ್ನೇ ಕೇಳಿದರು. ವಿನೋದವನದವರು ಹಿಂಜರಿದರು, ಕಥೆ ಮಾತ್ರ ಉಳಿಯಿತು. ಅದನ್ನು ತರುಣರ ಪರೀಕ್ಷೆಗೆ ಒದಗಿಸೋಣವೆಂದು ನಿರ್ಧರಿಸಿ ಮೊರಿತಾ ಅವರಿಗೆ ಕೊಟ್ಟರು. ಅದುವರೆಗೆ ಅವರು ಇತರರ ಚಿತ್ರಗಳಿಗೆ ಬರೆದುಕೊಡುತ್ತಿದ್ದ ಚಿತ್ರಕಾರರು. ಒಂಬತ್ತು ತಿಂಗಳು ಕುಳಿತು ಅವರು ಐನೂರ ಇಪ್ಪತ್ತೈದು ಪುಟಗಳ ದೃಶ್ಯರೇಖೆಗಳನ್ನು ಬರೆದುತಂದರು. ಅದನ್ನು ನೋಡಿದ ಮಿಯಾಜಾಕಿ ಹಾಗೂ ನಿರ್ಮಾಪಕ ತೋಶಿಯೊ ಸುಜುಕಿ ಇದು ಪೂರ್ಣ ಚಿತ್ರವಾಗಲೆಂದು ಒಪ್ಪಿದರು. ಸಂಭಾಷಣೆ ಸಹಿತವಾದ ಚಿತ್ರಕಥೆಯನ್ನು ರೇಕೊ ಯೋಶಿದ ಬರೆದರು. ಸಂಗೀತ ಕೊಂಡೋ ಅವರ ಚಿತ್ರಕ್ಕೆ ದುಡಿದಿದ್ದ ಯೂಜಿ ನೋಮಿಯವರದೇ. ಮೊದಲ ಚಿತ್ರದ ಶಿಜುಕು ದೊಡ್ಡವಳಾಗಿ ಬರೆದ ಕಥೆಯೇ ಇದೆಂದು ಭಾವಿಸಬೇಕೆಂಬುದು ಕಲ್ಪನೆ. ತೀರಿಹೋದ ಸಹೋದ್ಯೋಗಿಯ ಗೊಂಬೆ ಹೀಗೆ ಮತ್ತೊಬ್ಬನ ಕೈಯಲ್ಲಿ ಉಸಿರಾಡಿತು. ಋಣವೆಂಬ ಶಬ್ದವನ್ನು ಯಾರೂ ಅಲ್ಲಿ ಉಚ್ಚರಿಸಿರಲಿಕ್ಕಿಲ್ಲ.

ಮಾರ್ಜಾಲರಾಜ್ಯದ ಭಾಗ ಚಿತ್ರದ ಹೃದಯ. ಅಪಹರಿಸಲ್ಪಟ್ಟ ಹರು ಅಲ್ಲಿ ಹಸಿರು ಹುಲ್ಲಿನ ನಡುವೆ ಹಾಯಾಗಿ ಮಲಗಿ, ಇಲ್ಲಿಯೇ ಇದ್ದರೂ ಆದೀತೆಂದುಕೊಳ್ಳುತ್ತಾಳೆ. ಅವಳ ಕೆನ್ನೆಯ ಮೇಲೆ ಮೀಸೆಯ ಕೂದಲು ಮೊಳೆಯುತ್ತದೆ, ಕಿವಿಗಳು ಚೂಪಾಗುತ್ತವೆ. ಅದು ಬರಿಯ ಮಾಟದ ಕೆಲಸವಲ್ಲ. ತನ್ನ ಕಾಲವನ್ನು ತಾನೇ ಬಾಳಲಾರದವರು ಹೋಗಿ ಸೇರುವ ಸ್ಥಳವೇ ಆ ರಾಜ್ಯವೆಂದು ಮುತಾ ಒರಟಾಗಿ ನುಡಿಯುತ್ತಾನೆ. ಸೂರ್ಯೋದಯದೊಳಗೆ ಹೊರಗೆ ಬಾರದಿದ್ದರೆ ಅವಳು ಮತ್ತೆ ಮನುಷ್ಯಳಾಗಲಾರಳು. ಹಿಂದಿನ ವರ್ಷವಷ್ಟೇ ಬಂದು ೩,೦೦೦ ಕೋಟಿ ಯೆನ್‌ಗಳಿಗೂ ಹೆಚ್ಚು ಗಳಿಸಿದ್ದ ಮಿಯಾಜಾಕಿಯವರ ಚಿತ್ರದಲ್ಲಿಯೂ ಹುಡುಗಿಯೊಬ್ಬಳು ಬೇರೊಂದು ಲೋಕಕ್ಕೆ ಸಿಕ್ಕಿಕೊಳ್ಳುತ್ತಾಳೆ. ಆದರೆ ಆ ಹುಡುಗಿಯ ಹೆಸರನ್ನು ಇತರರು ಕಸಿದುಕೊಂಡರು. ಹರು ತನ್ನ ರೂಪವನ್ನು ಆಲಸ್ಯದಿಂದ ತಾನೇ ಬಿಟ್ಟುಕೊಡುತ್ತಾಳೆ. ಈ ಎರಡನೆಯ ಅಪಾಯ ಮನೆಮನೆಯಲ್ಲಿಯೂ ಇರುವಂಥದು.

ಅರಮನೆಯ ದಾಸಿ ಯೂಕಿ ಎಂಬ ಬಿಳಿಯ ಬೆಕ್ಕು ಅವಳಿಗೆ ಓಡಿಹೋಗೆಂದು ಪಿಸುಗುಟ್ಟುತ್ತದೆ. ಆ ದನಿ ಹಿಂದೆ ಕೇಳಿದ ದನಿಯೇ. ಹರು ಪುಟ್ಟ ಮಗುವಾಗಿದ್ದಾಗ, ಹಸಿದು ಕಂಗಾಲಾಗಿದ್ದ ಬಿಳಿಯ ಮರಿಯೊಂದಕ್ಕೆ ತನ್ನ ಮೀನಿನಾಕಾರದ ಬಿಸ್ಕತ್ತುಗಳನ್ನೆಲ್ಲ ಉಣಿಸಿದ್ದಳೆಂದು ತಾಯಿ ಮೊದಲೇ ಹೇಳಿರುತ್ತಾಳೆ. ಆ ಮರಿಯೇ ಯೂಕಿ. ಯುವರಾಜ ಪ್ರಾಣವನ್ನು ಒತ್ತೆಯಿಟ್ಟು ಕಚ್ಚಿಕೊಂಡು ಬರುತ್ತಿದ್ದ ಪೊಟ್ಟಣದಲ್ಲಿದ್ದುದು ಅದೇ ಬಿಸ್ಕತ್ತು. ತಾನು ವರಿಸಬೇಕೆಂದಿದ್ದ ಯೂಕಿಗೆ ಕೊಡಲು! ರಾಜ ಡಂಗುರ ಹೊಡೆದು ತೀರಿಸಹೊರಟ ಋಣ ಉಪದ್ರವವಾಯಿತು. ದಾಸಿ ಸದ್ದಿಲ್ಲದೆ ತೀರಿಸಿದ ಋಣ ದಾರಿಯಾಯಿತು. ಕಥೆಯ ಕಟ್ಟಡ ಇಷ್ಟು ಅಚ್ಚುಕಟ್ಟಾಗಿದ್ದೂ ಎಲ್ಲಿಯೂ ಉಪದೇಶದ ವಾಸನೆಯಿಲ್ಲದಿರುವುದು ಪ್ರಶಂಸನೀಯ.

ದೋಷಗಳಿಲ್ಲವೆಂದಲ್ಲ. ಮಿಯಾಜಾಕಿಯವರ ಚಿತ್ರಗಳಲ್ಲಿ ಕಣ್ಣು ತಣಿಯುವಷ್ಟು ತುಂಬಿರುವ ಹಿನ್ನೆಲೆ ಇಲ್ಲಿ ತೆಳುವಾಗಿದೆ. ರಾಜ ಅಂಜಿಸುವುದಕ್ಕಿಂತ ನಗಿಸುವವನಾದುದರಿಂದ ಗೋಪುರದ ಓಟದಲ್ಲಿಯೂ ನಿಜವಾದ ದಿಗಿಲು ಹುಟ್ಟದು. ಬ್ಯಾರನ್ ಅಂತೂ ಒಮ್ಮೆಯೂ ತಪ್ಪು ಹೆಜ್ಜೆ ಇಡುವುದಿಲ್ಲ. ಅಷ್ಟು ಪರಿಪೂರ್ಣನಾದವನ ಮೇಲೆ ಗೌರವ ಹುಟ್ಟೀತು, ಮಮತೆ ಮೀಸಲಾಗುವುದು ಹೊಟ್ಟೆಬಾಕ ಮುತಾನಿಗೆ. ಜಪಾನೀ ಜನ ಇದನ್ನೆಲ್ಲ ಲೆಕ್ಕಿಸಲಿಲ್ಲ. ೨೦೦೨ರ ಸ್ವದೇಶೀ ಚಿತ್ರಗಳಲ್ಲಿ ಸುಮಾರು ೬೪೬ ಕೋಟಿ ಯೆನ್ ಗಳಿಸಿ ಇದೇ ಮೊದಲನೆಯದಾಯಿತು. ಆದರೂ ಮೊರಿತಾ ಅವರು ಜಿಬ್ಲಿಗಾಗಿ ಮತ್ತೊಂದು ಚಿತ್ರವನ್ನು ನಿರ್ದೇಶಿಸಲಿಲ್ಲ.

ಕೊನೆಯ ಭಾಗದಲ್ಲಿ ಹರು ಮುಗಿಲಿನೆತ್ತರದಿಂದ ಕೆಳಗೆ ಬೀಳುತ್ತಾಳೆ. ಕಲ್ಲಿನ ಕಾಗೆ ಕರೆತಂದ ಕಾಗೆಗಳ ಹಿಂಡು ಆಕಾಶದಲ್ಲಿ ಮೆಟ್ಟಿಲಾಗಿ ನಿಲ್ಲುತ್ತದೆ. ಅವುಗಳ ಮೇಲೆ ಕಾಲಿಡುತ್ತ ಅವಳು ಬೆಳಗಿನ ಬೆಳಕಿನಲ್ಲಿ ತನ್ನ ಶಾಲೆಯ ಮಾಳಿಗೆಗೆ ಇಳಿಯುತ್ತಾಳೆ. ಕೆಲವು ದಿನಗಳ ಮೇಲೆ, ರಜೆಯ ಬೆಳಗಿನಲ್ಲಿ, ತಾಯಿ ಏಳುವ ಹೊತ್ತಿಗೆ ಮಗಳು ಆಗಲೇ ಎದ್ದು ತಾನೇ ಬೆರೆಸಿದ ಚಹವನ್ನು ಸಿದ್ಧಮಾಡಿದ್ದಾಳೆ. ಹಿಂದೆ ಹರು ಹಂಬಲಿಸುತ್ತಿದ್ದ ಹುಡುಗನಿಗೆ ಈಗ ಬೇರೆ ಗೆಳತಿಯಿಲ್ಲವೆಂಬ ಸುದ್ದಿಯನ್ನು ಗೆಳತಿ ಉತ್ಸಾಹದಿಂದ ತರುತ್ತಾಳೆ. ಇರಲಿ ಬಿಡು, ಈಗ ಅದೇನೂ ಮುಖ್ಯವಲ್ಲವೆಂದು ಹೇಳಿ ಹರು ಅವಳೊಡನೆ ಮುಂದೆ ನಡೆಯುತ್ತಾಳೆ.