ಕೇಳಲು ಒಂದು, ಕತ್ತರಿಸಲು ಇನ್ನೊಂದು

ಹಳೆಯ ಕ್ಯಾಸೆಟ್ಟುಗಳಿಗೆ ಆಯುಷ್ಯ ಕಡಿಮೆ. ಟೇಪು ಬೂಸಲು ಹಿಡಿದರೆ ಅದರಲ್ಲಿರುವ ಅಜ್ಜಿಯ ಹಾಡೂ ಹೋದಂತೆಯೇ. ಅದನ್ನು ಕಂಪ್ಯೂಟರಿಗೆ ಇಳಿಸಿ ಉಳಿಸಿಕೊಳ್ಳಲು ದುಬಾರಿ ತಂತ್ರಾಂಶವೇನೂ ಬೇಕಿಲ್ಲ. ಲಿನಕ್ಸ್ ಬಳಸುವವರಿಗೆ ಬೇಕಾದುದೆಲ್ಲ ಪುಕ್ಕಟೆಯಾಗಿಯೇ ಸಿಗುತ್ತದೆ. ಕಷ್ಟವಿರುವುದು ಆಯ್ಕೆಯಲ್ಲಿ.

ಬರೀ ಕೇಳುವುದಕ್ಕಾದರೆ ವಿಎಲ್‌ಸಿ ಸಾಕು. ಪ್ಯಾರಿಸ್ಸಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಈ ತಂತ್ರಾಂಶಕ್ಕೆ ನುಡಿಸಲು ಬಾರದ ಕಡತ ಅಪರೂಪ. ಆದರೆ ಸಾವಿರಾರು ಹಾಡುಗಳನ್ನು ಗಾಯಕ, ಆಲ್ಬಂ, ವರ್ಷವೆಂದು ಒಪ್ಪವಾಗಿ ಜೋಡಿಸಿಡಲು ರಿದಮ್‌ಬಾಕ್ಸ್ ಅಥವಾ ಸ್ಟ್ರಾಬೆರಿ ಮೇಲು. ಹಳೆಯ, ನಿಧಾನಗತಿಯ ಕಂಪ್ಯೂಟರಿಗೆ ಹಗುರವಾದ ಆಡೇಷಿಯಸ್ ಒಳ್ಳೆಯದು.

ಇವು ಯಾವುವೂ ಹಾಡನ್ನು ಕತ್ತರಿಸಲಾರವು, ಗೊರಗೊರ ಸದ್ದನ್ನು ತೆಗೆಯಲಾರವು. ಅದಕ್ಕೆ ಅಡಾಸಿಟಿ ಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಹುಟ್ಟಿದ ಇದು ಧ್ವನಿಯನ್ನು ಅಲೆಗಳ ಚಿತ್ರವಾಗಿ ತೋರಿಸುತ್ತದೆ. ಹಾಡು ಶುರುವಾಗುವ ಮೊದಲು ಬರೀ ಟೇಪಿನ ಸದ್ದಿರುವ ಒಂದೆರಡು ಸೆಕೆಂಡುಗಳನ್ನು ಗುರುತಿಸಿ ಕೊಟ್ಟರೆ, ಅಂಥ ಸದ್ದನ್ನು ಇಡೀ ಹಾಡಿನಲ್ಲಿ ತಗ್ಗಿಸುತ್ತದೆ. ಅತಿಯಾದರೆ ಮಾತ್ರ ಕಂಠ ನೀರೊಳಗಿಂದ ಬಂದಂತೆ ಕೇಳಿಸುತ್ತದೆ.

ಆರ್ಡರ್ ಇದಕ್ಕಿಂತ ದೊಡ್ಡ ಸಲಕರಣೆ. ಗಾಯನ, ವೀಣೆ, ಮೃದಂಗ ಇವನ್ನು ಬೇರೆಬೇರೆಯಾಗಿ ಮುದ್ರಿಸಿ ಹದವಾಗಿ ಬೆರೆಸುವ ಸ್ಟುಡಿಯೊ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಲಿಯಲು ತಾಳ್ಮೆ ಬೇಕು. ಒಂದು ಕ್ಯಾಸೆಟ್ಟಿಗಾಗಿ ಅದನ್ನು ಹಿಡಿಯುವುದು ಸೊಪ್ಪು ಹೆಚ್ಚಲು ಕೊಡಲಿ ಎತ್ತಿದ ಹಾಗೆ.

ತಂತ್ರಾಂಶ ಯಾವುದೇ ಇರಲಿ, ಒಂದು ಎಚ್ಚರ ಅಗತ್ಯ. ಎಂಪಿ3 ಕಡತವನ್ನು ಗಾತ್ರ ತಗ್ಗಿಸಲೆಂದು ಧ್ವನಿಯ ಒಂದಿಷ್ಟು ಅಂಶವನ್ನು ಕೈಬಿಟ್ಟೇ ತಯಾರಿಸಿರುತ್ತಾರೆ. ಅದನ್ನು ತಿದ್ದಿ ಮತ್ತೆ ಎಂಪಿ3ಯಾಗಿ ಉಳಿಸಿದಾಗಲೆಲ್ಲ ಇನ್ನಷ್ಟು ನಷ್ಟ. ಆದ್ದರಿಂದ ಮೊದಲ ಮುದ್ರಣ ವೇವ್ ರೂಪದಲ್ಲಿರಬೇಕು. ಸಿ.ಡಿ. ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂ.ಬಿ. ಹಿಡಿಯುತ್ತದೆ, ಒಂದು ಗಂಟೆಯ ಕ್ಯಾಸೆಟ್ಟಿಗೆ 600 ಎಂ.ಬಿ.ಗಿಂತ ತುಸು ಹೆಚ್ಚು. ಜಾಗ ಸಾಲದಿದ್ದರೆ ಫ್ಲ್ಯಾಕ್ ರೂಪಕ್ಕೆ ಬದಲಿಸಬಹುದು. ಅದು ಗಾತ್ರವನ್ನು ಕುಗ್ಗಿಸಿದರೂ ಧ್ವನಿಯ ಒಂದು ಕಣವನ್ನೂ ಬಿಡುವುದಿಲ್ಲ.

ಈ ಮೂಲ ಪ್ರತಿಯನ್ನು ಮುಟ್ಟದೆ ಬೇರೆಡೆ ಇಟ್ಟು, ಇನ್ನೊಂದು ಪ್ರತಿಯ ಮೇಲೆ ಕತ್ತರಿ ಆಡಿಸುವುದು ಕ್ಷೇಮ. ತಂತ್ರಾಂಶವನ್ನು ನಾಳೆ ಬದಲಿಸಬಹುದು. ಕಳೆದುಹೋದ ಕಂಠವನ್ನು ಮರಳಿ ತರುವ ತಂತ್ರಾಂಶ ಮಾತ್ರ ಯಾವ ಬೆಲೆಗೂ ಸಿಗದು.