ಕನ್ನಡಿ ಕಳಚಿದ ಕ್ಯಾಮರಾ

ಮಾಂಗಲ್ಯಧಾರಣೆಯ ಮುಹೂರ್ತದಲ್ಲಿ ಕ್ಯಾಮರಾದ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಗಟ್ಟಿಮೇಳದ ಅಬ್ಬರ ಅದನ್ನು ನುಂಗಿಬಿಡುತ್ತದೆ. ಆದರೆ ನಾಮಕರಣದ ಮನೆಯಲ್ಲಿ, ಸೋದರತ್ತೆ ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುವ ಗಳಿಗೆಯಲ್ಲಿ, ‘ಟಕ್’ ಎಂಬ ಆ ಶಬ್ದ ಕೇಳಿಸಿಯೇ ಕೇಳಿಸುತ್ತದೆ. ನಿದ್ದೆಯಲ್ಲಿದ್ದ ಕೂಸು ಬೆಚ್ಚುತ್ತದೆ. ಅಜ್ಜಿಯ ಹುಬ್ಬು ಗಂಟಿಕ್ಕುತ್ತದೆ. ಆ ಸದ್ದನ್ನು ಚಿತ್ರ ಮೂಡುವ ಸದ್ದೆಂದೇ ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದರ ಬಹುಪಾಲು, ಕ್ಯಾಮರಾದ ಒಡಲಿನಲ್ಲಿರುವ ಪುಟ್ಟ ಕನ್ನಡಿಯೊಂದು ಮೇಲಕ್ಕೆ ನೆಗೆದು ಮರಳಿ ಕೆಳಗೆ ಕೂರುವ ಸದ್ದು. ಆ ಕನ್ನಡಿಯೇ ಈಗ ಮನೆ ಬಿಟ್ಟು ಹೊರಟಿದೆ.

ಬೆಂಗಳೂರಿನ ಪಶ್ಚಿಮ ಭಾಗದ ನಂದಿನಿ ಲೇಔಟಿನಂಥ ಬಡಾವಣೆಯಲ್ಲಿ ಇದು ಕೇವಲ ಯಂತ್ರವಿಲಾಸದ ಸುದ್ದಿಯಲ್ಲ. ಹಲವು ಸಂಸಾರಗಳ ಅನ್ನದ ಪ್ರಶ್ನೆ. ಮಹಾಲಕ್ಷ್ಮಿ ಲೇಔಟ್, ಕುರುಬರಹಳ್ಳಿ, ಲಗ್ಗೆರೆಗಳ ನೆರೆಯಲ್ಲಿ ಬೆಳೆದ ಈ ಪ್ರದೇಶಕ್ಕೂ ಛಾಯಾಗ್ರಹಣಕ್ಕೂ ನಂಟು ಹೊಸದೇನಲ್ಲ. ಹೊರವರ್ತುಲ ರಸ್ತೆಯ ಮಗ್ಗುಲಿನಲ್ಲೇ ಕಂಠೀರವ ಸ್ಟುಡಿಯೋ ಇದೆ. 2006ರಲ್ಲಿ ಡಾ. ರಾಜಕುಮಾರ್ ಅವರು ಮಣ್ಣಾದುದು ಅಲ್ಲಿ. 2021ರಲ್ಲಿ ಅವರ ಕಿರಿಯ ಮಗ ಪುನೀತ್ ಅವರನ್ನು ಇರಿಸಿದುದೂ ಅಲ್ಲಿಯೇ. ಅತ್ತ ಚಲನಚಿತ್ರದ ದೊಡ್ಡ ಯಂತ್ರಗಳು ಓಡಾಡಿದ್ದರೆ, ಇತ್ತ ಅಡ್ಡರಸ್ತೆಗಳಲ್ಲಿ ಒಂದು ಬಾಗಿಲಿನ ಸ್ಟುಡಿಯೋಗಳು ಬಾಳಿವೆ. ಹಗಲಿನಲ್ಲಿ ಪಾಸ್‌ಪೋರ್ಟ್ ಅಳತೆಯ ಚಿತ್ರ, ಝೆರಾಕ್ಸ್, ಫ್ರೇಮಿನ ಕೆಲಸ. ಲಗ್ನದ ದಿನಗಳಲ್ಲಿ ಕಲ್ಯಾಣಮಂಟಪ. ಇಂಥ ಅಂಗಡಿಯ ಬಂಡವಾಳವೆಂದರೆ ಎರಡು ಕ್ಯಾಮರಾ, ಮೂರು ನಾಲ್ಕು ಲೆನ್ಸು, ಎರಡು ಫ್ಲಾಶು. ಅವುಗಳಲ್ಲಿ ಒಂದಾದರೂ ಸಾಲದ ಕಂತಿನಲ್ಲಿ ಬಂದದ್ದು.

ಈಗ ಮದುವೆಯ ಮಾತಿಗೆ ಬರುವ ವರನ ಕಡೆಯ ತರುಣರು ಬೆಲೆಯ ಚೌಕಾಸಿಗೆ ಮೊದಲೇ ಒಂದು ಮಾತು ಕೇಳುತ್ತಾರೆ: “ಸಾರ್, ನಿಮ್ಮ ಹತ್ತಿರ ಮಿರರ್‌ಲೆಸ್ ಇದೆಯಾ?” ಇಪ್ಪತ್ತು ವರ್ಷ ಮದುವೆಗಳ ಚಿತ್ರ ತೆಗೆದು ಕೈ ಪಳಗಿದವರಿಗೂ ಈ ಪ್ರಶ್ನೆಯ ಮುಂದೆ ನಾಲಗೆ ತಡವರಿಸುತ್ತದೆ.

ಕನ್ನಡಿಯ ಕಾಯಕ

ಆ ಕನ್ನಡಿ ಅಲ್ಲಿಗೆ ಬಂದುದಾದರೂ ಏಕೆ? ಕ್ಯಾಮರಾ ಹಿಡಿದವನಿಗೆ ಲೆನ್ಸು ಏನನ್ನು ಕಾಣುತ್ತಿದೆಯೋ ಅದನ್ನೇ ತಾನೂ ಕಾಣಬೇಕೆಂಬ ಹಂಬಲ ಸಹಜವಾದುದು. ಆದರೆ ಲೆನ್ಸಿನ ಹಿಂದೆ ಫಿಲಮು ಕುಳಿತಿದ್ದಾಗ ಅಲ್ಲಿ ಕಣ್ಣಿಡಲು ಎಡೆಯೆಲ್ಲಿ? ಇಂಗ್ಲೆಂಡಿನ ಥಾಮಸ್ ಸಟನ್ ಎಂಬಾತ 1861ರಲ್ಲಿಯೇ ಇದಕ್ಕೊಂದು ಉಪಾಯ ಹೂಡಿ ಹಕ್ಕುಪತ್ರ ಪಡೆದನು. ಒಳಬರುವ ಬೆಳಕಿಗೆ ಅಡ್ಡವಾಗಿ ಓರೆಗನ್ನಡಿಯೊಂದನ್ನು ನಿಲ್ಲಿಸುವುದು. ಬಿಂಬವನ್ನು ಮೇಲಕ್ಕೆ ತಿರುಗಿಸಿ ನೋಡುವುದು. ಚಿತ್ರ ತೆಗೆಯುವಾಗ ಕನ್ನಡಿಯನ್ನು ಸರಿಸಿಬಿಡುವುದು. ಇಷ್ಟೇ ಅದರ ಗುಟ್ಟು.

ಮುಂದಿನ ನೂರು ವರ್ಷ ಈ ಕನ್ನಡಿಯನ್ನು ತಿದ್ದಿ ತೀಡುವುದರಲ್ಲೇ ಕಳೆಯಿತು. ಜರ್ಮನಿಯ ಎಕ್ಸಾಕ್ಟಾ 1936ರಲ್ಲಿ ಅದನ್ನು 35 ಮಿಲಿಮೀಟರ್ ಫಿಲಮಿನ ಸಣ್ಣ ಕ್ಯಾಮರಾದೊಳಗೆ ಕೂರಿಸಿತು. 1949ರ ಕಾಂಟ್ಯಾಕ್ಸ್, ಐದು ಮುಖದ ಗಾಜಿನ ಪಟ್ಟಕವನ್ನು ಮೇಲಿರಿಸಿ ಎಡಬಲ ಅದಲುಬದಲಾಗದ ನೆಟ್ಟನೆಯ ಬಿಂಬವನ್ನು ಕಣ್ಣಿಗೆ ಕೊಟ್ಟಿತು. ಚಿತ್ರ ತೆಗೆದೊಡನೆ ಕನ್ನಡಿ ತಾನಾಗಿ ಕೆಳಗಿಳಿಯುವ ಏರ್ಪಾಡನ್ನು 1954ರಲ್ಲಿ ಜಪಾನಿನ ಅಸಾಹಿಫ್ಲೆಕ್ಸ್ ಯಶಸ್ವಿಯಾಗಿ ಸಾಧಿಸಿತು. 1959ರಲ್ಲಿ ನಿಕಾನ್ ಎಫ್ ಬಂದ ಮೇಲಂತೂ ಲೋಕದ ಪತ್ರಿಕಾ ಛಾಯಾಗ್ರಾಹಕರ ಕೊರಳಿನಲ್ಲಿ ಕನ್ನಡಿ ಕ್ಯಾಮರಾ ತೂಗತೊಡಗಿತು. ಫಿಲಮು ಹೋಗಿ ಸೆನ್ಸರ್ ಬಂದಾಗಲೂ ಕನ್ನಡಿ ಅಲುಗಲಿಲ್ಲ. 1999ರ ನಿಕಾನ್ ಡಿ1, 2003ರಲ್ಲಿ ಹವ್ಯಾಸಿಗಳ ಕೈಗೆಟುಕಿದ ಕ್ಯಾನನ್ 300ಡಿ, ಇವೆಲ್ಲ ಹಳೆಯ ಮನೆಗೆ ಹೊಸ ನೆಲಗಟ್ಟು ಹಾಕಿದಂತೆ. ನಾವು ಡಿಎಸ್‌ಎಲ್‌ಆರ್ ಎನ್ನುವುದು ಇದನ್ನೇ.

ಸ್ವಾರಸ್ಯವೇನೆಂದರೆ, ಫಿಲಮು ತೊಲಗಿದ ದಿನವೇ ಕನ್ನಡಿಯ ಅಗತ್ಯವೂ ತಾತ್ವಿಕವಾಗಿ ಮುಗಿದಿತ್ತು. ಸೆನ್ಸರ್ ತಾನೇ ಸದಾ ನೋಡುತ್ತಿರಬಲ್ಲುದು; ಕಂಡುದನ್ನು ಪುಟ್ಟ ಪರದೆಯ ಮೇಲೆ ತೋರಿಸಬಲ್ಲುದು. ಮಧ್ಯದಲ್ಲಿ ಕನ್ನಡಿಯ ದಲ್ಲಾಳಿತನವೇಕೆ? ಆದರೆ ಆ ಪರದೆ ಕಣ್ಣಿಗೆ ಹಿತವಾಗಿ, ತಡವಿಲ್ಲದೆ ಕಾಣುವಷ್ಟು ನಯವಾಗಲು ಕಾಲ ಹಿಡಿಯಿತು. 2008ರಲ್ಲಿ ಪ್ಯಾನಾಸೋನಿಕ್ ಕಂಪೆನಿ ಜಿ1 ಎಂಬ ಮಾದರಿಯನ್ನು ಹೊರತಂದಿತು. 2013ರಲ್ಲಿ ಸೋನಿ ತನ್ನ ಎ7ನಲ್ಲಿ ಹಳೆಯ ಫಿಲಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರನ್ನು ಇಟ್ಟಿತು. ನಿಕಾನ್ ಮತ್ತು ಕ್ಯಾನನ್ ಆ ದೊಡ್ಡ ಸೆನ್ಸರಿನ ದರ್ಜೆಗೆ ಇಳಿದುದು 2018ರಲ್ಲಿ. 2020ರ ವೇಳೆಗೆ ಜಪಾನಿನ ತಯಾರಕರು ಲೋಕಕ್ಕೆ ಕಳುಹಿಸಿದ ಕ್ಯಾಮರಾಗಳಲ್ಲಿ ಕನ್ನಡಿಯಿಲ್ಲದವುಗಳ ಎಣಿಕೆಯೇ ಮಿಗಿಲಾಯಿತು. ಇಂದು ಕನ್ನಡಿಗೆ ನಿಷ್ಠವಾಗಿ ಉಳಿದಿರುವ ಕಂಪೆನಿ ಪೆಂಟ್ಯಾಕ್ಸ್ ಒಂದೇ ಎನ್ನಬಹುದು.

ಮಂಟಪದಲ್ಲಿ ಕಂಡ ಗುಣದೋಷ

ಮದುವೆಯ ಚಿತ್ರಗಾರನಿಗೆ ಇದರಿಂದ ದೊರೆತ ಲಾಭ ಮೌನವೊಂದೇ ಅಲ್ಲ. ಹಳೆಯ ಯಂತ್ರದಲ್ಲಿ ಫೋಕಸ್ ಅಳೆಯುವ ಅಂಗ ಬೇರೆ, ಚಿತ್ರ ಹಿಡಿಯುವ ಅಂಗ ಬೇರೆ. ಎರಡರ ನಡುವೆ ಕೂದಲೆಳೆಯ ವ್ಯತ್ಯಾಸವಾದರೂ ವಧುವಿನ ಕಣ್ಣಿಗೆ ಬದಲು ಮೂಗುತಿ ಸ್ಫುಟವಾಗಿ, ಕಣ್ಣು ಮಂಜಾಗಿ ಬಿಡುತ್ತಿತ್ತು. ಹೊಸದರಲ್ಲಿ ಸೆನ್ಸರೇ ಅಳೆಯುತ್ತದೆ, ಸೆನ್ಸರೇ ಹಿಡಿಯುತ್ತದೆ, ತಕರಾರಿಗೆ ಎಡೆಯಿಲ್ಲ. ಮೇಲಾಗಿ ಅದು ಮುಖವನ್ನು ಗುರುತಿಸಿ, ಮುಖದಲ್ಲಿ ಕಣ್ಣನ್ನು ಹುಡುಕಿ ಅಂಟಿಕೊಳ್ಳುತ್ತದೆ. ಅಂತರಪಟ ಸರಿದ ಕ್ಷಣ ವಧೂವರರ ನೋಟ ಕೂಡುವುದನ್ನು ಹಿಡಿಯುವ ಕೆಲಸದಲ್ಲಿ ಇದು ವರವೇ ಸರಿ. ಹೋಮದ ಹೊಗೆ, ಹಿಂದಿನಿಂದ ಬರುವ ಕಿಟಕಿಯ ಬೆಳಕು ಇವುಗಳಿಂದ ಚಿತ್ರ ಕಪ್ಪಾಗುವುದೋ ಬಿಳಿಚುವುದೋ ಎಂಬುದು ಗುಂಡಿ ಒತ್ತುವ ಮೊದಲೇ ಕಣ್ಣೆದುರು ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಈ ಕಸುಬನ್ನು ಹೊಸ ಯಂತ್ರದತ್ತ ತಳ್ಳಿರುವುದು ವಿಡಿಯೋ. ಕನ್ನಡಿ ಕ್ಯಾಮರಾಗಳು 2008ರಿಂದಲೇ ಚಲಿಸುವ ಚಿತ್ರ ತೆಗೆಯಲು ಕಲಿತವಾದರೂ, ಆಗ ಕನ್ನಡಿ ಮೇಲೆದ್ದೇ ಇರಬೇಕು. ಕಣ್ಣಿಡುವ ಕಿಂಡಿ ಕತ್ತಲು. ಹಿಂದಿನ ಪರದೆಯನ್ನು ನೋಡುತ್ತ ಕೈಚಾಚಿ ನಿಲ್ಲಬೇಕು. ಈಗಿನ ಗಿರಾಕಿಗೆ ಆಲ್ಬಮ್ಮಿನೊಂದಿಗೆ ಐದು ನಿಮಿಷದ ಚಲನಚಿತ್ರವೂ ಬೇಕು, ಅದೂ ಬೇಗ ಬೇಕು.

ಇನ್ನು ದೋಷಗಳು. ಇವನ್ನು ಅಂಗಡಿಯವರು ಹೇಳುವುದು ಕಡಿಮೆ. ಕನ್ನಡಿಯಲ್ಲಿ ನೋಡಲು ವಿದ್ಯುತ್ತು ಬೇಡ. ಪರದೆಯಲ್ಲಿ ನೋಡಲು ಬೇಕು. ಒಂದೇ ಅಳತೆಗೋಲಿನಿಂದ ಅಳೆದರೆ ನಿಕಾನ್ ಡಿ850 ಒಂದು ಬ್ಯಾಟರಿಯಲ್ಲಿ 1,840 ಚಿತ್ರ ತೆಗೆಯಬಲ್ಲುದು. ಅದರ ಓರಗೆಯ ಝಡ್7 ತೆಗೆಯುವುದು 330. ವಾಡಿಕೆಯಲ್ಲಿ ಇದಕ್ಕಿಂತ ಹೆಚ್ಚು ಬರುವುದುಂಟು. ಆದರೂ ವರಪೂಜೆಯಿಂದ ಆರತಕ್ಷತೆಯವರೆಗೆ ನಿಲ್ಲುವವನ ಜೇಬಿನಲ್ಲಿ ನಾಲ್ಕು ಬ್ಯಾಟರಿಗಳಾದರೂ ಇರಬೇಕು. ತೂಕದ ಮಾತಿನಲ್ಲಿ ಹೊಸದಕ್ಕೇ ಗೆಲುವು: ಮೊದಲನೆಯದು 1,005 ಗ್ರಾಂ, ಎರಡನೆಯದು 675. ಆದರೆ ದೊಡ್ಡ ಲೆನ್ಸುಗಳ ತೂಕ ಅಷ್ಟಾಗಿ ಇಳಿಯುವುದಿಲ್ಲವಾದ್ದರಿಂದ ಭುಜಕ್ಕೆ ದೊರೆಯುವ ವಿಶ್ರಾಂತಿ ಜಾಹೀರಾತಿನಷ್ಟಿಲ್ಲ.

ಆ ಪ್ರಸಿದ್ಧ ಮೌನದಲ್ಲಿಯೂ ಒಂದು ಬಲೆಯಿದೆ. ಸದ್ದಿಲ್ಲದ ಷಟರಿನಲ್ಲಿ ಸೆನ್ಸರ್ ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಅಷ್ಟರಲ್ಲಿ ಡೋಲು ಬಡಿಯುವ ಕೋಲು ಅಲುಗಿದರೆ ಚಿತ್ರದಲ್ಲಿ ಅದು ಬಾಗಿ ಕಾಣುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದುದರಿಂದ ಸಾಧಾರಣ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿಡಿಯುತ್ತವೆ. ಕಣ್ಣಿಗೆ ಇದು ತಿಳಿಯದು. ಸಾಲುಸಾಲಾಗಿ ಓದುವ ಸೆನ್ಸರಿಗೆ ತಿಳಿಯುತ್ತದೆ. ವಧುವಿನ ಮುಖದ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳು ಅಡ್ಡಡ್ಡ ಬೀಳುತ್ತವೆ. ಈಚಿನ ಮಂಟಪಗಳಲ್ಲಿ ಎಲ್‌ಇಡಿ ಇಲ್ಲದ ಮೂಲೆಯುಂಟೆ? ಷಟರಿನ ವೇಗವನ್ನು ಸೆಕೆಂಡಿನ 50ನೆಯ ಅಥವಾ 100ನೆಯ ಒಂದು ಭಾಗಕ್ಕೆ ಇರಿಸುವುದು, ಇಲ್ಲವೆ ಮೌನವನ್ನು ತೊರೆದು ಯಾಂತ್ರಿಕ ಷಟರಿಗೇ ಮರಳುವುದು ಬಲ್ಲವರ ದಾರಿ. ಅನೇಕ ಮಾದರಿಗಳಲ್ಲಿ ಸದ್ದಿಲ್ಲದ ಷಟರಿನೊಡನೆ ಫ್ಲಾಶ್ ಬೆಳಗುವುದೂ ಇಲ್ಲ. 2021ರ ನಿಕಾನ್ ಝಡ್9, 2023ರ ಸೋನಿ ಎ9ರ ಮೂರನೆಯ ಆವೃತ್ತಿ ಈ ತೊಡಕುಗಳನ್ನು ಬಹುಮಟ್ಟಿಗೆ ಬಿಡಿಸಿವೆಯೆಂಬುದು ನಿಜ. ಆದರೆ ಅವುಗಳ ಬೆಲೆ ಅಡ್ಡರಸ್ತೆಯ ಅಂಗಡಿಗಳಿಗೆ ಹೇಳಿದುದಲ್ಲ.

ಇಲ್ಲೊಂದು ಮಾತು ನೆನಪಾಗುತ್ತದೆ. ನಿಕಾನ್ ಎಫ್ ಬಂದ 1959ರಲ್ಲಿಯೇ ತೆರೆಕಂಡ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ, ಸ್ಟುಡಿಯೋದ ಕತ್ತಲನ್ನು ಸೀಳಿ ಇಳಿಯುವ ಆ ಬೆಳಕಿನ ಕೋಲನ್ನು ಮೈಸೂರಿನ ವಿ. ಕೆ. ಮೂರ್ತಿಯವರು ಸೃಷ್ಟಿಸಿದುದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. ಮುಂದೆ 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಕನ್ನಡಿ ಕ್ಯಾಮರಾದ ಒಳಗಿರಲಿ, ಹೊರಗಿರಲಿ, ಅದನ್ನು ಬಳಸಿಕೊಂಡದ್ದು ಕಣ್ಣು. ಇದನ್ನು ಹೇಳಿ ಗಿರಾಕಿಯನ್ನು ಒಪ್ಪಿಸಲಾಗುವುದಿಲ್ಲ ಎಂಬುದು ಬೇರೆ ಮಾತು.

ಲೆನ್ಸಿನ ಲೆಕ್ಕ

ಕ್ಯಾಮರಾ ಬದಲಿಸುವುದೆಂದರೆ ಒಂದು ವಸ್ತುವನ್ನು ಬದಲಿಸುವುದಲ್ಲ. ಒಂದು ಸಂಸಾರವನ್ನೇ ಬದಲಿಸಿದಂತೆ. ಕನ್ನಡಿ ನೆಗೆಯಲು ಜಾಗ ಬೇಕಾದುದರಿಂದ ಹಳೆಯ ಕ್ಯಾಮರಾಗಳಲ್ಲಿ ಲೆನ್ಸು ಕೂರುವ ಬಳೆಗೂ ಸೆನ್ಸರಿಗೂ ನಡುವೆ ಅಂತರ ಹೆಚ್ಚು. ಕ್ಯಾನನ್ನಿನಲ್ಲಿ ಅದು 44 ಮಿಲಿಮೀಟರ್, ನಿಕಾನಿನಲ್ಲಿ 46.5. ಕನ್ನಡಿ ಹೋದ ಮೇಲೆ ಕ್ಯಾನನ್ 20ಕ್ಕೂ ನಿಕಾನ್ 16ಕ್ಕೂ ಇಳಿದವು. ಹಳೆಯ ಲೆನ್ಸು ಹೊಸ ಮೈಗೆ ನೇರವಾಗಿ ಒಗ್ಗದು. ಆದರೆ ಅಂತರ ಕಡಿಮೆಯಾದುದೇ ಅನುಕೂಲವಾಗಿದೆ: ನಡುವೆ ಒಂದು ಟೊಳ್ಳು ಬಳೆಯನ್ನು, ಅಂದರೆ ಅಡಾಪ್ಟರನ್ನು, ಸೇರಿಸಿ ಹಳೆಯ ದೂರವನ್ನು ತುಂಬಿಕೊಡಬಹುದು. ಅದರೊಳಗೆ ಗಾಜಿಲ್ಲವಾದ್ದರಿಂದ ಚಿತ್ರದ ಗುಣಕ್ಕೆ ಕುಂದಿಲ್ಲ.

ಕ್ಯಾನನ್ನಿನವರಿಗೆ ಇಲ್ಲಿಗೆ ಕಥೆ ಸುಖಾಂತ. 1987ರಿಂದೀಚೆಗೆ ಆ ಕಂಪೆನಿಯ ಆಟೋಫೋಕಸ್ ಲೆನ್ಸುಗಳಲ್ಲಿ ಮೋಟಾರು ಲೆನ್ಸಿನೊಳಗೇ ಇರುವುದರಿಂದ ಅವು ಬಳೆಯ ಮೂಲಕವೂ ಚೆನ್ನಾಗಿ ನಡೆಯುತ್ತವೆ. ನಿಕಾನಿನ ಮನೆಯಲ್ಲಿ ಮಾತ್ರ ಹಿರಿಯರಿಗೆ ಅನ್ಯಾಯವಾಗಿದೆ. ಅದರ ಹಳೆಯ ‘ಡಿ’ ಗುರುತಿನ ಲೆನ್ಸುಗಳ ಫೋಕಸನ್ನು ತಿರುಗಿಸುತ್ತಿದ್ದುದು ಕ್ಯಾಮರಾದೊಳಗಿನ ಮೋಟಾರು, ಒಂದು ಸಣ್ಣ ತಿರುಪಿನ ಮೂಲಕ. ನಿಕಾನಿನ ಬಳೆಯಲ್ಲಿ ಆ ತಿರುಪೂ ಇಲ್ಲ, ಮೋಟಾರೂ ಇಲ್ಲ. ಲೆನ್ಸು ಕೂರುತ್ತದೆ, ಚಿತ್ರವೂ ಬರುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಅಗ್ಗವೆಂದು, ಗಟ್ಟಿಯೆಂದು ತಂದೆಯ ಕಾಲದಲ್ಲಿ ಕೊಂಡು, ನೂರಾರು ಮದುವೆ ಕಂಡ 50 ಮತ್ತು 85 ಮಿಲಿಮೀಟರಿನ ಲೆನ್ಸುಗಳು ಹೀಗೆ ಒಂದೇ ದಿನದಲ್ಲಿ ಮುದಿಯಾಗುತ್ತವೆ.

ತಂದೆ ಮಗ ಕೂಡಿ ನಡೆಸುವ ಸ್ಟುಡಿಯೋಗಳಲ್ಲಿ ವಾದ ಹುಟ್ಟುವುದು ಇಲ್ಲಿಯೇ. “ಎಲ್ಲಾ ಒಟ್ಟಿಗೆ ಮಾರಿಬಿಡೋಣಪ್ಪ, ಇನ್ನೆರಡು ವರ್ಷ ಹೋದರೆ ಯಾರೂ ಮುಟ್ಟುವುದಿಲ್ಲ” ಎನ್ನುವುದು ಮಗನ ವಾದ. ಅದರಲ್ಲಿ ಸತ್ಯವಿಲ್ಲದಿಲ್ಲ, ಹೊಸ ಮಾದರಿ ಬಂದಂತೆಲ್ಲ ಹಳೆಯ ಯಂತ್ರದ ಮರುಮಾರಾಟದ ಬೆಲೆ ಇಳಿಯುತ್ತಲೇ ಇದೆ. “ಆಷಾಢದಲ್ಲಿ ಮದುವೆ ನಿಲ್ಲುತ್ತದೆ, ಕಂತು ನಿಲ್ಲುತ್ತದೇನಪ್ಪ?” ಎನ್ನುವುದು ತಂದೆಯ ಮಾತು. ಅದರಲ್ಲಿ ಇನ್ನೂ ಹೆಚ್ಚಿನ ಸತ್ಯವಿದೆ. ದೊಡ್ಡ ಸೆನ್ಸರಿನ ಹೊಸ ಕ್ಯಾಮರಾ, ಅದಕ್ಕೆ ತಕ್ಕ ಲೆನ್ಸು, ವೇಗದ ಕಾರ್ಡು, ಹೆಚ್ಚುವರಿ ಬ್ಯಾಟರಿ, ವಿಡಿಯೋ ಸಂಕಲನಕ್ಕೆ ಬಲವಾದ ಕಂಪ್ಯೂಟರು, ಇವೆಲ್ಲ ಕೂಡಿದರೆ ಅದು ಲಕ್ಷಗಳ ಮಾತು. ಆಷಾಢವೂ ಧನುರ್ಮಾಸವೂ ವರ್ಷಕ್ಕೊಮ್ಮೆ ತಪ್ಪದೆ ಬರುತ್ತವೆ.

ಅನುಭವಸ್ಥರು ಹಿಡಿದಿರುವ ನಡುದಾರಿ ವಿವೇಕದ್ದಾಗಿ ತೋರುತ್ತದೆ. ಕೊಳ್ಳುವ ಮೊದಲು ಒಂದೆರಡು ಮದುವೆಗಳಿಗೆ ಹೊಸ ಕ್ಯಾಮರಾವನ್ನು ಬಾಡಿಗೆಗೆ ತಂದು ನೋಡುವುದು. ಬಳಿಕ ಒಂದೇ ಒಂದು ಮೈಯನ್ನೂ ಒಂದು ಬಳೆಯನ್ನೂ ಕೊಳ್ಳುವುದು. ಹಳೆಯ ಲೆನ್ಸುಗಳನ್ನು ಬಳೆಯ ಮೂಲಕ ನಡೆಸುತ್ತ, ದುಡಿಮೆ ಬಂದಂತೆ ಒಂದೊಂದಾಗಿ ಬದಲಿಸುವುದು. ಕನ್ನಡಿ ಕ್ಯಾಮರಾವನ್ನು ಮಾರದೆ ಎರಡನೆಯದಾಗಿ ಇಟ್ಟುಕೊಳ್ಳುವುದು. ಹೊಸದನ್ನು ಕೊಂಡವರು ಕಲಿಯಬೇಕಾದ ಅಭ್ಯಾಸವೂ ಒಂದಿದೆ. ಲೆನ್ಸು ಕಳಚಿದಾಗ ಸೆನ್ಸರಿಗೆ ಈಗ ಕನ್ನಡಿಯ ಮರೆಯಿಲ್ಲ. ಷಟರನ್ನು ಮುಚ್ಚಿಕೊಳ್ಳುವ ಮಾದರಿಗಳು ಕೆಲವು ಮಾತ್ರ. ಅಕ್ಷತೆ ಹಾರಾಡುವ ಮಂಟಪದ ನಡುವೆ ಲೆನ್ಸು ಬದಲಿಸುವುದು ತರವಲ್ಲ.

ಕಸುಬಿನವರ ಮಾತು ಹೀಗಾದರೆ, ಮನೆಯವರ ಗತಿಯೇನು? ಮಗು ಹುಟ್ಟಿದ ವರ್ಷ ಉತ್ಸಾಹದಿಂದ ಕೊಂಡ ಡಿಎಸ್‌ಎಲ್‌ಆರ್ ಎಷ್ಟೋ ಮನೆಗಳ ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕದಲ್ಲಿ ಮಲಗಿದೆ. ಇಂಥವರು ಹೊಸದಕ್ಕೆ ಹಣ ಸುರಿಯಲು ಕಾರಣವೇ ಇಲ್ಲ. ಮನೆಯ ಬೆಳಕಿನಲ್ಲಿ ತೆಗೆದ ಅಜ್ಜಿಯ ಚಿತ್ರವನ್ನು ಗೋಡೆಗೆ ತೂಗಿದಾಗ, ಅದರ ಹಿಂದೆ ಕನ್ನಡಿಯಿತ್ತೋ ಇಲ್ಲವೋ ಯಾರೂ ಹೇಳಲಾರರು. ಅವರ ನಿಜವಾದ ಶತ್ರು ಬೂಷ್ಟು. ಮಳೆಗಾಲದ ತೇವದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರಬಲೆಯಂತೆ ಅದು ಹಬ್ಬುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ವಾರಕ್ಕೊಮ್ಮೆ ಹೊರತೆಗೆದು ಬಳಸಿದರೆ ಸಾಕು. ಹಕ್ಕಿಯ ಹುಚ್ಚು ಹತ್ತಿ ಬೆಳಗಿನ ಜಾವ ಹೆಸರಘಟ್ಟದ ಬಯಲಿಗೆ ಧಾವಿಸುವವರ ಮಾತು ಬೇರೆ. ಹಾರುವ ಹಕ್ಕಿಯ ಕಣ್ಣನ್ನು ತಾನೇ ಹುಡುಕಿಕೊಳ್ಳುವ ಕ್ಯಾಮರಾವನ್ನು ಒಮ್ಮೆ ಹಿಡಿದವರು ಹಿಂದಿರುಗುವುದು ಅಪರೂಪ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅಂಥವರು ಇಂಥ ಯಾವ ಸಹಾಯವೂ ಇಲ್ಲದ ಫಿಲಮಿನ ಕಾಲದಲ್ಲಿ ಗೂಡಿನ ಮುಂದೆ ಗಂಟೆಗಟ್ಟಲೆ ಕಾದು ಲೋಕ ಮೆಚ್ಚುವ ಚಿತ್ರಗಳನ್ನು ತೆಗೆದರೆಂಬುದನ್ನು ಮಾತ್ರ ಆ ತರುಣರು ತಿಳಿದಿರುವುದು ಒಳ್ಳೆಯದು.

ಅಂಗಡಿಯಲ್ಲಿ ಉಳಿದ ಹಳೆಯ ಕನ್ನಡಿ ಕ್ಯಾಮರಾಕ್ಕೂ ಕೆಲಸ ತಪ್ಪಿಲ್ಲ. ನೀಲಿ ಅಥವಾ ಬಿಳಿ ಪರದೆಯ ಮುಂದಿನ ಮುಕ್ಕಾಲಿಗೆ ಎದುರಾಗಿ ಸ್ಟ್ಯಾಂಡಿನ ಮೇಲೆ ಅದು ನಿಂತಿರುತ್ತದೆ. ಪರೀಕ್ಷೆಯ ಅರ್ಜಿಗೆ ಚಿತ್ರ ಬೇಕಾದ ವಿದ್ಯಾರ್ಥಿಗಳು, ಪಿಂಚಣಿಯ ಕಾಗದಕ್ಕೆ ಬಂದ ಹಿರಿಯರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಒಂದು ಬ್ಯಾಟರಿ ಹಾಕಿದರೆ ದಿನವೆಲ್ಲ ಬರುತ್ತದೆ.